ನಾನೂರ ಹದಿನೇಳರ ಕೋಟು

ಇಸ್ತ್ರಿ ಮೇಜಿನ ಮುಂದೆ ಯಾರೂ ಇರಲಿಲ್ಲ. ಬೆಳಗಿನ ಗಂಟೆ ಹೊಡೆದು ಎಷ್ಟೋ ಹೊತ್ತಾಗಿದ್ದರೂ ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತ್ತು. ಅದರ ವೈರನ್ನು ಯಾರೋ ನೀಟಾಗಿ ಸುತ್ತಿ ಹಿಡಿಕೆಗೆ ಸಿಕ್ಕಿಸಿದ್ದರು. ಚಿನಕುರಳಿ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮೂರು ಸಲ ಆ ಕಡೆ ನೋಡಿದಳು. ನಾಲ್ಕನೆಯ ಸಲ ನೋಡುವಾಗ ಮೇಲ್ವಿಚಾರಕ ಯಾವಳೋ ಹೊಸಬಳನ್ನು ಕರೆತಂದು ಅಲ್ಲಿ ನಿಲ್ಲಿಸಿ, "ಕಾಲರಿನಿಂದ ಶುರು ಮಾಡಮ್ಮ, ಚೆನ್ನಾಗಿ ಒತ್ತು," ಎಂದು ಹೇಳಿ ಹೋದ. ಹಳಬಳು ಎಲ್ಲಿ ಎಂದು ಅವನು ಹೇಳಲಿಲ್ಲ. ಅಂಥದ್ದನ್ನು ಕೇಳುವ ಅಭ್ಯಾಸ ಆ ಊರಿನ ಜನಕ್ಕೆ ತಪ್ಪಿ ಎಷ್ಟೋ ಕಾಲವಾಗಿತ್ತು.

ಆ ಹೊಲಿಗೆಮನೆಯಲ್ಲಿ ಅರವತ್ತು ಹೆಂಗಸರು ಕೂತು ಹೊಸದೇನನ್ನೂ ಹೊಲಿಯುತ್ತಿರಲಿಲ್ಲ. ಶಿಬಿರದಿಂದ ಹರಿದು ಬಂದ ಕೋಟುಗಳನ್ನು ರಿಪೇರಿ ಮಾಡಿ ಶಿಬಿರಕ್ಕೇ ಕಳಿಸುವುದು ಅವರ ಕೆಲಸ. ಹದಿನಾರು ತುಂಬಿದ ಮಕ್ಕಳನ್ನೆಲ್ಲ ಆಡಳಿತದವರು ಶಿಬಿರಕ್ಕೆ ಕರೆದುಕೊಳ್ಳುತ್ತಿದ್ದರು. ಕರೆದುಕೊಂಡು ಹೋದ ದಿನ ಮನೆಯವರ ಕೈಗೆ ಒಂದು ರಸೀದಿ ಕೊಡುತ್ತಿದ್ದರು, ಕೊಡೆ ರಿಪೇರಿಗೆ ಕೊಟ್ಟಾಗ ಕೊಡುತ್ತಾರಲ್ಲ, ಅಂಥದ್ದು. ಅದರಲ್ಲಿ ಒಂದು ನಂಬರು, ಒಂದು ಸೀಲು. ಕೊಡೆಯಾದರೆ ವಾಪಸು ಸಿಗುವ ಭರವಸೆಯಾದರೂ ಇರುತ್ತದೆ. ಇಲ್ಲಿ ನೋಡಲು ಹೋಗುವಂತಿಲ್ಲ, ಕಾಗದ ಬರೆಯುವಂತಿಲ್ಲ. ಮನೆಯ ನೆನಪಾದರೆ ಮಕ್ಕಳ ಮನಸ್ಸು ಮೆತ್ತಗಾಗುತ್ತದಂತೆ, ಮೆತ್ತಗಿನ ಮನಸ್ಸು ದೇಶಕ್ಕೆ ಒಳ್ಳೆಯದಲ್ಲವಂತೆ. ಗೋಡೆಯ ಮೇಲಿನ ಧ್ವನಿವರ್ಧಕ ಇದನ್ನು ದಿನಕ್ಕೆ ಎರಡು ಸಲ ಹೇಳುತ್ತಿತ್ತು.

ಚಿನಕುರಳಿ ಎಂಬ ಹೆಸರಿಟ್ಟವನು ಅವಳ ಅಣ್ಣ. ಆಳು ಗೇಣುದ್ದ, ಮಾತು ಮಾರುದ್ದ ಎಂದು ರೇಗಿಸುತ್ತಿದ್ದ. ಅವನನ್ನು ಎರಡು ವರ್ಷದ ಹಿಂದೆ ಕರೆದುಕೊಂಡು ಹೋದರು. ರಸೀದಿಯ ನಂಬರು ನಾನೂರ ಹದಿನೇಳು. ಅವಳಿಗೆ ಹದಿನಾರಾದಾಗ ಚಿಕ್ಕಮ್ಮ ಹೇಗೋ ಮಾಡಿ ಹೊಲಿಗೆಮನೆಗೆ ಸೇರಿಸಿ, ಇವಳ ಕೈಕೆಲಸ ಇಲ್ಲಿಗೆ ಬೇಕು, ಶಿಬಿರಕ್ಕೆ ಕರೆಯಬಾರದು ಎಂದು ವಿನಾಯಿತಿ ಪತ್ರ ಬರೆಸಿದ್ದಳು. ಆ ಪತ್ರದ ಆಯುಸ್ಸು ಒಂದೇ ವರ್ಷ. ಆಮೇಲೆ ಮತ್ತೆ ಸಹಿ, ಮತ್ತೆ ಸೀಲು, ಮತ್ತೆ ಮೇಲ್ವಿಚಾರಕನ ಮುಂದೆ ಕೈಕಟ್ಟಿ ನಿಲ್ಲುವುದು.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಅಮ್ಮ ತೀರಿಕೊಂಡ ಮೇಲೆ ಎರಡು ಮಕ್ಕಳನ್ನೂ ಮಡಿಲಿಗೆ ಹಾಕಿಕೊಂಡು ಸಾಕಿದವಳು. ಹೊಲಿಗೆಮನೆಯಲ್ಲಿ ಪರಿಶೀಲನೆಯ ಮೇಜು ಅವಳದು. ಶಿಬಿರದಿಂದ ಬಂದ ಕಟ್ಟುಗಳನ್ನು ಮಂಗಳವಾರ ಸಂಜೆ ಅವಳೇ ಬಿಚ್ಚಿ ಕೋಟುಗಳ ನಂಬರು ಬರೆದುಕೊಳ್ಳುತ್ತಿದ್ದಳು. ಬುಧವಾರ ಬೆಳಿಗ್ಗೆ ಇಸ್ತ್ರಿಯವಳು, ಹೇನು ಸಾಯಲೆಂದು, ಅವಕ್ಕೆ ಬಿಸಿ ಮುಟ್ಟಿಸಿ ಎಲ್ಲರಿಗೂ ಹಂಚುತ್ತಿದ್ದಳು. ರಿಪೇರಿಯಾದ ಕೋಟು ಮತ್ತೆ ಚಿಕ್ಕಮ್ಮನ ಮೇಜಿಗೆ ಹೋಗಿ, ಅವಳ ಹೆಬ್ಬೆರಳಿನ ಕೆಳಗೆ ಹಾದು, ಗಾಡಿ ಹತ್ತುತ್ತಿತ್ತು. ಯಾವ ನಂಬರಿನ ಕೋಟೋ ಅದೇ ನಂಬರಿಗೆ ವಾಪಸು.

ಹತ್ತು ತಿಂಗಳ ಹಿಂದೆ ಒಂದು ಬುಧವಾರ ನಾನೂರ ಹದಿನೇಳು ಎಂಬ ನಂಬರು ಹೊತ್ತ ಕೋಟು ಚಿನಕುರಳಿಯ ಕೈಗೆ ಬಂತು. ಅಳತೆ ಬರೆಯುವ ಚೀಟಿಯ ಹಿಂದೆ, "ಅಣ್ಣಾ, ಬದುಕಿದ್ದೀಯಾ?" ಎಂದು ಬರೆದು, ಕಾಲರಿನ ಒಳಪದರ ಬಿಚ್ಚಿ, ಒಳಗಿಟ್ಟು ಹೊಲಿದಳು. ತಿಂಗಳ ಮೇಲೆ ಅದೇ ಕೋಟು ಮೊಣಕೈ ಹರಿದುಕೊಂಡು ಬಂದಾಗ ಕಾಲರಿನೊಳಗೆ ಉತ್ತರವಿತ್ತು. "ಬದುಕಿದ್ದೀನಿ. ಚಳಿ ಇದೆ. ಊಟ ಮಾಡು. ಚಿಕ್ಕಮ್ಮನ ಮಾತು ಕೇಳು." ಅಕ್ಷರ ಕೋಳಿ ಕೆದರಿದ ಹಾಗಿತ್ತು. ಎಡಗೈಯವನಾದ ಅಣ್ಣನ ಅಕ್ಷರ ಯಾವತ್ತೂ ಹಾಗೇ. ಚಿಕ್ಕಮ್ಮನ ಮಾತು ಕೇಳು ಎಂದು ಮಾತ್ರ ಅವನು ಜನ್ಮದಲ್ಲಿ ಹೇಳಿದವನಲ್ಲ. ಶಿಬಿರ ಮನುಷ್ಯರನ್ನು ತಿದ್ದುತ್ತದೆ ಎಂದು ಧ್ವನಿವರ್ಧಕ ಬಡಿದುಕೊಳ್ಳುವುದರಲ್ಲಿ ಏನೋ ಸತ್ಯವಿರಬೇಕು ಎಂದುಕೊಂಡು ಅವಳು ಕೋಟಿನಲ್ಲಿ ಮುಖ ಹುದುಗಿಸಿ ನಕ್ಕಿದ್ದಳು.

ಈ ಗುಟ್ಟು ಇಸ್ತ್ರಿಯವಳೊಬ್ಬಳಿಗೆ ಗೊತ್ತಿತ್ತು. ಗೊತ್ತಾಗದೆ ಇರುತ್ತದೆಯೇ, ಬಿಸಿ ಇಸ್ತ್ರಿಯ ಕೆಳಗೆ ಕಾಗದ ಸದ್ದು ಮಾಡುತ್ತದೆ. ಚಿನಕುರಳಿಗಿಂತ ಮೂರು ವರ್ಷ ದೊಡ್ಡವಳು, ಗಟ್ಟಿಗಿತ್ತಿ. "ಇದೇನೇ, ನಿನ್ನ ಕೋಟು ಮಾತಾಡುತ್ತಲ್ಲೇ," ಎಂದು ಕಿವಿಯಲ್ಲಿ ಕೇಳಿದವಳು ಅಂದಿನಿಂದ ಆ ಕಾಲರನ್ನು ಬಿಟ್ಟು ಸುತ್ತಮುತ್ತ ಇಸ್ತ್ರಿ ಮಾಡತೊಡಗಿದಳು. ಆ ಕೋಟು ಬೇರೆ ಯಾರ ಪಾಲಿಗೂ ಹೋಗದ ಹಾಗೆ ನೋಡಿಕೊಂಡಳು. ಚಿಕ್ಕಮ್ಮನಿಗೆ ಇಬ್ಬರೂ ಹೇಳಲಿಲ್ಲ. ಮೊದಲೇ ಹೆದರುವ ಜೀವ, ಯಾಕೆ ನಿದ್ದೆಗೆಡಿಸಬೇಕು ಎಂದು.

ಹೀಗೆ ನಾಲ್ಕು ಉತ್ತರಗಳು ಬಂದವು. ನಾಲ್ಕನೆಯದರಲ್ಲಿ, "ಕೋಟು ತಪ್ಪದೆ ನಿನಗೇ ಹೇಗೆ ಸಿಗುತ್ತೆ? ಯಾರೋ ಪುಣ್ಯಾತ್ಮರು ಸಹಾಯ ಮಾಡ್ತಿರಬೇಕು. ಯಾರು ಅಂತ ಬರಿ, ಅವರನ್ನ ನೆನೆಸಿಕೊಳ್ತೀನಿ," ಎಂದಿತ್ತು. ಅಣ್ಣನಿಗೆ ಇಷ್ಟು ಒಳ್ಳೆಯ ನಡತೆ ಬಂತಲ್ಲ ಎಂದು ಅವಳಿಗೆ ಖುಷಿಯಾಗಿತ್ತು. "ಇಸ್ತ್ರಿ ಮೇಜಿನವಳು. ನನ್ನ ಜೀವದ ಗೆಳತಿ," ಎಂದು ಬರೆದು ಹೊಲಿದು ಕಳಿಸಿ ಹನ್ನೆರಡು ದಿನವಾಗಿತ್ತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಗುಂಡಿಯಜ್ಜಿ ಅವಳ ಸೆರಗು ಹಿಡಿದು ಜಗ್ಗಿದಳು. ಹೊಲಿಗೆಮನೆಯ ಮೂಲೆಯಲ್ಲಿ ಕೂತು ಹಳೆಯ ಕೋಟುಗಳ ಗುಂಡಿಗಳನ್ನು ಬೇರ್ಪಡಿಸುವ ಮುದುಕಿ, ಇಸ್ತ್ರಿಯವಳ ಅಜ್ಜಿ. ಎರಡು ಕಣ್ಣಿಗೂ ಪೊರೆ. ಮೊಮ್ಮಗಳ ತೋಳು ಹಿಡಿದು ಬರುವವಳು ಇವತ್ತು ಗೋಡೆ ಸವರಿಕೊಂಡು ಒಬ್ಬಳೇ ಬಂದಿದ್ದಳು. ಬರದಿದ್ದರೆ ಗೈರುಹಾಜರಿ ಬೀಳುತ್ತದೆ.

"ನಿನ್ನೆ ಸಂಜೆ ಬಂದ್ರು ಮಗಾ," ಎಂದಳು. "ಊಟಕ್ಕೆ ಕೂತಿದ್ಲು. ಕೈ ತೊಳ್ಕೊಂಡು ಬರ್ತೀನಿ ಅಂದ್ಲು, ಅದಕ್ಕೂ ಬಿಡ್ಲಿಲ್ಲ. ಕಾಲರಿನಲ್ಲಿ ಚೀಟಿ ಸಾಗಿಸ್ತಾಳೆ ಅಂದ್ರು."

ಚಿನಕುರಳಿ ಅಜ್ಜಿಯ ಕಿವಿಯ ಹತ್ತಿರ ಬಗ್ಗಿದಳು. "ನನ್ನ ಹೆಸರು ಹೇಳಿದ್ರಾ ಅಜ್ಜಿ?"

"ಇಲ್ಲ. ಅವಳೂ ಹೇಳ್ಲಿಲ್ಲ. ಅವಳ ಗಂಟಲು ಕತ್ತರಿಸಿದ್ರೂ ಹೇಳೋದಿಲ್ಲ ಬಿಡು." ಅಜ್ಜಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. "ಶಿಕ್ಷೆ ಆದೋರನ್ನೂ ಅದೇ ಶಿಬಿರಕ್ಕೇ ಕಳಿಸ್ತಾರಂತಲ್ಲ? ನೀನು ನಿಮ್ಮಣ್ಣಂಗೆ ಚೀಟಿ ಬರೀತೀಯ ಅಂತ ಅವಳು ನಂಗೊಬ್ಬಳಿಗೆ ಹೇಳಿದ್ಲು. ಅವನಿಗೆ ಒಂದು ಮಾತು ಬರಿ. ನನ್ನ ಮೊಮ್ಮಗಳು ಅಲ್ಲಿಗೆ ಬಂದ್ರೆ ಸ್ವಲ್ಪ ನೋಡ್ಕೋ ಅನ್ನು. ಅವಳಿಗೆ ಚಳಿ ತಡೆಯೋಲ್ಲ, ಕೆಮ್ಮು ಹಿಡ್ಕೊಳ್ಳುತ್ತೆ. ಇಷ್ಟು ಬರೆದ್ರೆ ಸಾಕು."

ಬರೆಯುತ್ತೇನೆ ಎಂದು ಹೇಳಿ ಅವಳು ತನ್ನ ಜಾಗಕ್ಕೆ ಬಂದು ಕೂತಳು. ಗೆಳತಿಯ ಗುರುತು ಇದ್ದದ್ದು ಒಂದೇ ಚೀಟಿಯಲ್ಲಿ. ಆ ಚೀಟಿ ಹೋದದ್ದು ಅಣ್ಣನ ಹತ್ತಿರ. ಅಂದರೆ ಶಿಬಿರದಲ್ಲಿ ಸಿಕ್ಕಿಬಿದ್ದಿದೆ. ಅಂದರೆ ಅಣ್ಣನೂ ಸಿಕ್ಕಿಬಿದ್ದಿದ್ದಾನೆ. ಆಗ ತಾನೇ ಅವಳಿಗೆ ಕಂಡದ್ದು, ತನ್ನ ಪಾಲಿಗೆ ಬಂದ ಇಂದಿನ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲೆ ನಾನೂರ ಹದಿನೇಳರ ಕೋಟು ಇತ್ತು. ಹಂಚಿದವಳು ಹೊಸಬಳು. ಅವಳಿಗೆ ಈ ಕೋಟನ್ನು ಇವಳಿಗೇ ಕೊಡಬೇಕು ಎಂದು ಯಾರು ಹೇಳಿಕೊಟ್ಟರು?

ಹಿಂದೆಲ್ಲ ಇಂಥ ಹೊತ್ತಿನಲ್ಲಿ ಅವಳು ಹಸಿದವಳ ಹಾಗೆ ಕಾಲರು ಕಿತ್ತು ಚೀಟಿ ತೆಗೆಯುತ್ತಿದ್ದಳು. ಇವತ್ತು ಕೈ ತಡೆಯಿತು. ದಾರಿಯಲ್ಲಿ ಯಾರಾದರೂ ಇದನ್ನು ಬಿಚ್ಚಿ ಓದಿ ಮತ್ತೆ ಹೊಲಿದಿದ್ದರೆ ಗುರುತು ಉಳಿದಿರಬೇಕು. ಕೋಟನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಾಲರಿನ ಹೊಲಿಗೆಯನ್ನು ಒಂದೊಂದಾಗಿ ನೋಡಿದಳು. ಎರಡನೆಯ ಸಲ ಹೊಲಿದ ತೂತುಗಳಿಲ್ಲ, ಬಣ್ಣ ಬೇರೆಯಾದ ದಾರವಿಲ್ಲ. ಒಂದೇ ಕೈಯ, ಒಂದೇ ಸಲದ, ಅಚ್ಚುಕಟ್ಟಾದ ಕೆಲಸ. ಎಷ್ಟು ಅಚ್ಚುಕಟ್ಟೆಂದರೆ, ಅಣ್ಣ ಹಾಗೆ ಹೊಲಿದದ್ದನ್ನು ಅವಳು ಕಂಡೇ ಇರಲಿಲ್ಲ.

ಮನೆಯಲ್ಲಿ ಮೂವರೂ ಹೊಲಿಯುತ್ತಿದ್ದ ಕಾಲದಲ್ಲಿ ಚಿಕ್ಕಮ್ಮ ಅಣ್ಣನ ಕೆಲಸ ಎತ್ತಿ ಹಿಡಿದು, "ಇದೇನೋ, ಕನ್ನಡಿಯೊಳಗೆ ಕೂತು ಹೊಲಿದ ಹಾಗಿದೆ," ಎಂದು ನಗುತ್ತಿದ್ದಳು. ಬಲಗೈಯವರು ಅಂಚು ಹೊಲಿದರೆ ಹೊಲಿಗೆ ಒಂದು ಕಡೆಗೆ ವಾಲುತ್ತದೆ. ಎಡಗೈಯವರದು ಅದಕ್ಕೆ ಎದುರು ಕಡೆಗೆ. ಈ ಕಾಲರಿನ ಹೊಲಿಗೆ ಅವಳ ಹೊಲಿಗೆಯ ಕಡೆಗೇ ವಾಲಿತ್ತು. ಕೊನೆಯಲ್ಲಿ ದಾರವನ್ನು ಎರಡು ಸುತ್ತು ಸುತ್ತಿ, ಬಾಲವನ್ನು ಬಟ್ಟೆಯೊಳಗೆ ಎಳೆದು ಮಾಯ ಮಾಡಲಾಗಿತ್ತು. ಅರವತ್ತು ಹೆಂಗಸರಲ್ಲಿ ಹಾಗೆ ಮುಗಿಸುವವರು ಇಬ್ಬರೇ. ಒಬ್ಬಳು ಚಿನಕುರಳಿ, ಇನ್ನೊಬ್ಬಳು ಅದನ್ನು ಅವಳಿಗೆ ಕಲಿಸಿದವಳು.

ತಲೆ ಎತ್ತಿ ನೋಡಿದಳು. ಪರಿಶೀಲನೆಯ ಮೇಜಿನಲ್ಲಿ ಚಿಕ್ಕಮ್ಮ ತಲೆ ತಗ್ಗಿಸಿಕೊಂಡು ಯಾವುದೋ ತೋಳನ್ನು ಒಳಮೈ ತಿರುಗಿಸುತ್ತಿದ್ದಳು. ಚಿನಕುರಳಿ ಕಾಲರು ಬಿಚ್ಚಿ ಚೀಟಿ ತೆಗೆದಳು. "ಆ ಗೆಳತಿಗೆ ನನ್ನ ವಂದನೆ. ಅವಳ ಜೊತೆ ಇನ್ನೂ ಯಾರ್ಯಾರು ಇದ್ದಾರೆ, ಬರಿ," ಎಂದು ಅದೇ ಕೋಳಿ ಕೆದರಿದ ಅಕ್ಷರದಲ್ಲಿತ್ತು. ಅಷ್ಟು ಹೊತ್ತಿಗೆ ಆ ಗೆಳತಿ ಯಾವ ಕೋಣೆಯಲ್ಲಿ ಯಾರ ಮುಂದೆ ನಿಂತಿದ್ದಳೋ.

ಸಂಜೆ ಇಬ್ಬರೂ ಎಂದಿನಂತೆ ಜೊತೆಯಲ್ಲೇ ಮನೆಗೆ ನಡೆದರು. ಮೂರನೆಯ ಮಹಡಿಯ ಒಂದೇ ಕೋಣೆಯ ಮನೆ. ಚಿಕ್ಕಮ್ಮ ಒಲೆಯ ಮೇಲೆ ನೀರಿಟ್ಟು, ಹಗ್ಗದ ಮೇಲಿನ ಬಟ್ಟೆ ತೆಗೆದು ಮಡಚತೊಡಗಿದಳು. ಚಿನಕುರಳಿ ಚೀಟಿಯನ್ನು ಮೇಜಿನ ಮೇಲಿಟ್ಟಳು. ಹುಟ್ಟಿದಾಗಿನಿಂದ ಚಿಕ್ಕಮ್ಮನನ್ನು ನೀನು ಎಂದೇ ಕರೆದವಳ ಬಾಯಲ್ಲಿ ಅಂದು ಬೇರೆಯೇ ಬಂತು.

"ಬರೆಯೋದನ್ನ ಎಡಗೈಲಿ ಬರೆದ್ರಿ. ಹೊಲಿಯೋದನ್ನ ಯಾಕೆ ಬಲಗೈಲಿ ಹೊಲಿದ್ರಿ?"

ಚಿಕ್ಕಮ್ಮ ಮಡಚುತ್ತಿದ್ದ ಟವಲನ್ನು ಪೂರ್ತಿ ಮಡಚಿ ಕೆಳಗಿಟ್ಟಳು. ಏನು ಮಾತು ಎಂದು ಕೇಳಲಿಲ್ಲ, ದಬಾಯಿಸಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ತನ್ನ ಬಲಗೈಯನ್ನೇ ನೋಡಿಕೊಂಡಳು.

"ಅದು ಯೋಚನೆಗೇ ಬರ್ಲಿಲ್ಲ," ಎಂದಳು. "ಸೂಜಿ ಹಿಡಿದ್ರೆ ಕೈ ತಾನಾಗೇ ಹೋಗುತ್ತೆ."

"ಅಣ್ಣ ಎಲ್ಲಿ?"

ನೀರು ಕುದಿಯುವ ಸದ್ದು ಬಂತು. ಇಬ್ಬರೂ ಏಳಲಿಲ್ಲ.

"ಅವನು ಹೋಗಿಬಿಟ್ಟ ಪುಟ್ಟಾ. ಹೋದ ವರ್ಷದ ಚಳಿಗೇ ಹೋದ. ಆಫೀಸಿಗೆ ಕಾಗದ ಬಂದಿತ್ತು, ನಾನೇ ಸಹಿ ಹಾಕಿ ತಗೊಂಡೆ. ಆ ನಂಬರನ್ನ ಈಗ ಬೇರೆ ಯಾರಿಗೋ ಕೊಟ್ಟಿದಾರೆ, ಕೋಟಿನ ಸಮೇತ. ನಿಂಗೆ ಹೇಗೆ ಹೇಳೋದು ಅಂತ ಒದ್ದಾಡ್ತಾ ಇದ್ದೆ, ಹದಿನೈದು ದಿನಕ್ಕೆ ನಿನ್ನ ಚೀಟಿ ನನ್ನ ಹೆಬ್ಬೆರಳಿಗೆ ಸಿಕ್ತು. ಬದುಕಿದ್ದೀಯಾ ಅಂತ ಕೇಳಿದ್ದೆ ನೀನು. ಇಲ್ಲ ಅಂತ ಹೇಗೆ ಬರೀಲಿ ನಾನು?"

ಚಿನಕುರಳಿ ಮೇಜಿನ ಮೇಲಿನ ಚೀಟಿಯನ್ನು ಮಗುಚಿ ಹಾಕಿದಳು.

"ಮೊದಲನೇದನ್ನ ಯಾರೂ ಬರಿ ಅಂದಿರ್ಲಿಲ್ಲ, ನಾನೇ ಬರೆದೆ. ನೀನು ಅವತ್ತು ಎರಡು ತುತ್ತು ಜಾಸ್ತಿ ಉಂಡೆ. ಅದಕ್ಕೇ ಎರಡನೇದೂ ಬರೆದೆ. ಮೂರನೇದು ಬರೆಯೋವಾಗ ಮೇಲ್ವಿಚಾರಕ ಬೆನ್ನ ಹಿಂದೆ ನಿಂತಿದ್ದ." ಚಿಕ್ಕಮ್ಮನ ಧ್ವನಿ ಕುಗ್ಗಿತು. "ಬರೀರಿ, ನಿಲ್ಲಿಸಬೇಡಿ ಅಂದ. ಏನು ಕೇಳಬೇಕು ಅಂತ ಅವನೇ ಹೇಳ್ದ. ನಿನ್ನ ವಿನಾಯಿತಿ ಪತ್ರ ಅವನ ಡ್ರಾಯರಿನಲ್ಲಿ ಬಿದ್ದಿದೆ. ಒಂದು ಹೆಸರು ಸಿಕ್ಕಿದ್ರೆ ಸೀಲು ಹಾಕ್ತೀನಿ, ಇಲ್ಲದಿದ್ರೆ ಮುಂದಿನ ತಿಂಗಳ ಶಿಬಿರದ ಗಾಡಿಗೆ ನಿನ್ನನ್ನೇ ಹತ್ತಿಸ್ತೀನಿ ಅಂದ."

"ನಿಮ್ಮ ಹೆಸರು ಕೊಡಬಹುದಿತ್ತು."

"ಕೊಡ್ತಿದ್ದೆ. ನಾನು ಹೋದ ಮೇಲೆ ನಿನ್ನ ಪತ್ರಕ್ಕೆ ಯಾರು ಹೋಗಿ ಕೈಕಟ್ಟಿ ನಿಲ್ತಾರೆ?"

ಆ ಮಾತು ಅವಳ ಮೈ ಉರಿಸಿತು. ಚಿಕ್ಕಮ್ಮ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ತನ್ನನ್ನು ಉಳಿಸಿದ ಕೈಯೇ ತನ್ನ ಕುತ್ತಿಗೆ ಕೊಯ್ದಿತ್ತು. ಅಣ್ಣನಿಗಾಗಿ ಅಳಬೇಕಾಗಿದ್ದ ಹತ್ತು ತಿಂಗಳು ಅವಳು ನಗುತ್ತ ಕಳೆದಿದ್ದಳು. ಸತ್ತವನಿಗೆ ಹಾಸ್ಯದ ಮಾತು ಬರೆದಿದ್ದಳು, ಅವನ ನಡತೆ ಸುಧಾರಿಸಿತೆಂದು ಬೀಗಿದ್ದಳು. ಎಲ್ಲಕ್ಕಿಂತ ಮೇಲೆ, ಗೆಳತಿಯ ಗುರುತನ್ನು ಯಾರೂ ಅವಳ ಬಾಯಿಂದ ಹೊಡೆದು ಬಡಿದು ಹೇಳಿಸಿರಲಿಲ್ಲ. ದುಂಡಗಿನ ಅಕ್ಷರದಲ್ಲಿ, ಪ್ರೀತಿಯಿಂದ, ಅವಳೇ ಬರೆದುಕೊಟ್ಟಿದ್ದಳು. ಗೋಡೆಯ ಕಡೆ ತಿರುಗಿ ಕೂತವಳಿಗೆ ಅಳು ಬಂದಾಗ ಅದು ಯಾರಿಗಾಗಿ ಬರುತ್ತಿದೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಚಿಕ್ಕಮ್ಮ ಎದ್ದು ಬಂದು ತಲೆಯ ಮೇಲೆ ಕೈಯಿಟ್ಟಳು. ಅವಳು ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು.

ಮರುದಿನ ಬೆಳಿಗ್ಗೆ ಗುಂಡಿಯಜ್ಜಿ ಹೆಜ್ಜೆ ಸಪ್ಪಳದಲ್ಲೇ ಅವಳನ್ನು ಗುರುತು ಹಿಡಿದಳು.

"ಬರೆದೆಯಾ ಮಗಾ?"

ನಿಜ ಹೇಳಬೇಕೆಂದೇ ಅವಳು ಬಂದಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು: ಅಜ್ಜೀ, ನನಗೆ ಅಣ್ಣ ಇಲ್ಲ, ನಿಮ್ಮ ಮೊಮ್ಮಗಳನ್ನ ಹಿಡಿದುಕೊಟ್ಟವಳು ನಾನೇ. ಅಜ್ಜಿ ಮುಖವನ್ನು ತುಸು ಓರೆ ಮಾಡಿ, ಕಿವಿಯಿಟ್ಟು ಕಾಯುತ್ತಿದ್ದಳು. ಐದು ಮೇಜಿನಾಚೆ ಮೇಲ್ವಿಚಾರಕ ನಿಂತಿದ್ದ. ಅಜ್ಜಿಯ ಮಾತನ್ನು ಬರೆದು ಕಾಲರಿನಲ್ಲಿಟ್ಟರೆ ಅದು ನೇರವಾಗಿ ಅವನ ಕೈಗೆ ಹೋಗುತ್ತದೆ, ಅವರಿಗೆ ಬೇಕಾಗಿದ್ದ ಇನ್ನೊಂದು ಹೆಸರು ಸಿಕ್ಕಿದಂತಾಗುತ್ತದೆ.

"ಬರೆದೆ ಅಜ್ಜಿ," ಎಂದಳು.

ಅವಳು ನಿಜವಾಗಿ ಬರೆದದ್ದು, "ಇನ್ಯಾರೂ ಇಲ್ಲ. ಅವಳಿಗೂ ಏನೂ ಗೊತ್ತಿರಲಿಲ್ಲ. ನಾನು ಸುಳ್ಳು ಬರೆದಿದ್ದೆ," ಎಂದು. ಕಾಲರು ಹೊಲಿದು, ಕೋಟನ್ನು ತಾನೇ ಹೊತ್ತೊಯ್ದು ಚಿಕ್ಕಮ್ಮನ ಮೇಜಿನ ಮೇಲೆ ಹಾಕಿದಳು. ಚಿಕ್ಕಮ್ಮ ಕಾಲರಿನ ಮೇಲೆ ಹೆಬ್ಬೆರಳು ಆಡಿಸಿ, ತಲೆಯೆತ್ತದೆ, ರಿಜಿಸ್ಟರಿನಲ್ಲಿ ನಂಬರು ಬರೆದುಕೊಂಡಳು. ಆ ಚೀಟಿಯಿಂದ ಗೆಳತಿ ವಾಪಸು ಬರಲಿಲ್ಲ, ಬೇರೆ ಯಾರಿಗೂ ಏನೂ ಆಗಲಿಲ್ಲ. ಶನಿವಾರ ಮೇಲ್ವಿಚಾರಕ ಚಿನಕುರಳಿಯನ್ನು ಕರೆದು ಸೀಲು ಹಾಕಿದ ವಿನಾಯಿತಿ ಪತ್ರವನ್ನು ಕೈಯಲ್ಲಿಟ್ಟು, "ಒಳ್ಳೆ ಕೆಲಸಗಾರ್ತಿ ನೀನು, ನಿಮ್ಮ ಚಿಕ್ಕಮ್ಮನ ಹೆಸರು ಉಳಿಸ್ತೀಯ," ಎಂದ. ಅವಳು ಪತ್ರ ಹರಿಯಲಿಲ್ಲ. ಹರಿಯಬೇಕೆಂದು ಶೌಚಾಲಯದ ತನಕ ಹೋಗಿ, ಬಾಗಿಲು ಹಾಕಿಕೊಂಡು ನಿಂತು, ಕೈಲಾಗದೆ ಮಡಚಿಟ್ಟುಕೊಂಡು ಬಂದಳು. ಶಿಬಿರ ಎಂದರೆ ಅವಳಿಗೂ ಭಯವೇ. ಆ ಭಯಕ್ಕಾಗಿ ತನ್ನನ್ನು ತಾನು ಎಷ್ಟು ಬೈದುಕೊಂಡರೂ ಪತ್ರ ಲಂಗದ ಜೇಬಿನಲ್ಲೇ ಉಳಿಯಿತು.

ಮನೆಯಲ್ಲಿ ಎರಡು ತಟ್ಟೆ, ಎರಡು ಲೋಟ, ಒಂದು ದೀಪ. ಚಿಕ್ಕಮ್ಮ ಕೇಳಿದ್ದಕ್ಕೆಲ್ಲ ಅವಳು ಹ್ಞೂಂ, ಊಹ್ಞೂಂ ಎನ್ನುತ್ತಿದ್ದಳು. ಬಡಿಸಿದ್ದನ್ನು ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು. ಬಾಡಿಗೆ ಕೋಣೆಯಲ್ಲಿ ಜೊತೆಗೆ ಬಿದ್ದ ಅಪರಿಚಿತರೂ ಇದಕ್ಕಿಂತ ಹೆಚ್ಚು ಮಾತಾಡಿಕೊಳ್ಳುತ್ತಾರೆ. ಅಣ್ಣನ ಸಾವಿನ ಕಾಗದವನ್ನು ಚಿಕ್ಕಮ್ಮ ಪೆಟ್ಟಿಗೆಯಿಂದ ತೆಗೆದು ಅವಳ ದಿಂಬಿನ ಕೆಳಗಿಟ್ಟಳು. ನಾಲ್ಕು ಸಾಲಿನದು. ಅದರಲ್ಲಿ ಅವನ ಹೆಸರೂ ಇರಲಿಲ್ಲ, ನಂಬರು ಮಾತ್ರ ಇತ್ತು.

ಗುಂಡಿಯಜ್ಜಿ ಮಾತ್ರ ದಿನಾ ಕೇಳುತ್ತಿದ್ದಳು. ಬಾಯಿಬಿಟ್ಟು ಕೇಳಿದರೆ ಯಾರಾದರೂ ಕೇಳಿಸಿಕೊಂಡಾರು ಎಂದು, ಚಿನಕುರಳಿ ಹಾದುಹೋಗುವಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು, ಅಷ್ಟೇ. ಉತ್ತರ ಇನ್ನೂ ಬಂದಿಲ್ಲ ಎನ್ನುವಂತೆ ಇವಳು ಅವಳ ಭುಜ ಮುಟ್ಟಿ ಹೋಗುತ್ತಿದ್ದಳು. ಮೊದಲನೆಯ ಬುಧವಾರ ಆ ಕೋಟು ಬರಲಿಲ್ಲ. ಎರಡನೆಯ ಬುಧವಾರವೂ ಬರಲಿಲ್ಲ. ಕಚೇರಿಗೆ ಅದರಿಂದ ಆಗಬೇಕಾದ ಕೆಲಸ ಮುಗಿದಿತ್ತು. ಅಷ್ಟರಲ್ಲಿ ಅಜ್ಜಿ ಸೊರಗಿ ಕಡ್ಡಿಯಾಗಿದ್ದಳು. ಊಟದ ಡಬ್ಬಿ ತೆರೆಯದೆಯೇ ವಾಪಸು ಒಯ್ಯುತ್ತಿದ್ದಳೆಂದು ಪಕ್ಕದವಳು ಹೇಳಿದಳು. ಮೂರನೆಯ ಬುಧವಾರ ಮಧ್ಯಾಹ್ನ ಅಜ್ಜಿ ಗಂಟಲು ಸರಿಮಾಡಿಕೊಳ್ಳಲೂ ಇಲ್ಲ. ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿ, ಮತ್ತೆ ಗುಂಡಿಯ ತಟ್ಟೆಯ ಕಡೆಗೆ ತಿರುಗಿದಳು.

ಚಿನಕುರಳಿ ಎರಡು ಹೆಜ್ಜೆ ಮುಂದೆ ಹೋದವಳು ನಿಂತಳು. ಹಿಂದಿರುಗಿ ಬಂದು ಅಜ್ಜಿಯ ಪಕ್ಕದಲ್ಲಿ, ನೆಲದ ಮೇಲೆ ಕೂತಳು. ಎಲ್ಲರೂ ಊಟಕ್ಕೆ ಹೊರಗೆ ಹೋಗಿದ್ದರು.

"ಬಂತು ಅಜ್ಜಿ," ಎಂದಳು.

ಗುಂಡಿ ಆರಿಸುತ್ತಿದ್ದ ಬೆರಳುಗಳು ನಿಂತವು. "ಓದು."

ಅವಳು ಜೇಬಿನಿಂದ ಒಂದು ಚೀಟಿ ತೆಗೆದು ಬಿಡಿಸಿದಳು. ಎದೆಯಳತೆ ಮೂವತ್ತಾರು, ತೋಳು ಇಪ್ಪತ್ತನಾಲ್ಕು ಎಂದು ಅದರಲ್ಲಿ ಬರೆದಿತ್ತು. "ನಿಮ್ಮ ಮೊಮ್ಮಗಳು ಇಲ್ಲಿಗೆ ಬಂದಿದ್ದಾಳೆ," ಎಂದು ಓದಿದಳು. ಒಂದೊಂದೇ ಮಾತು ಹುಡುಕಿ ತರಬೇಕಾಯಿತು. "ಅವಳಿಗೆ ಇಸ್ತ್ರಿ ಕೆಲಸವನ್ನೇ ಕೊಟ್ಟಿದ್ದಾರೆ. ಅಲ್ಲಿ ಬೆಚ್ಚಗಿರುತ್ತೆ. ಕೆಮ್ಮು ಇಲ್ಲ. ನಾನು ನೋಡ್ಕೊಳ್ತೀನಿ. ಅಜ್ಜಿ ಹೊತ್ತೊತ್ತಿಗೆ ಊಟ ಮಾಡ್ಬೇಕಂತೆ."

ಅಜ್ಜಿ ಸೆರಗಿನ ತುದಿಯಿಂದ ಕಣ್ಣಲ್ಲ, ಬಾಯಿ ಒರೆಸಿಕೊಂಡಳು. ಆಮೇಲೆ, "ಇನ್ನೊಂದು ಸಲ ಓದು ಮಗಾ," ಎಂದಳು.

ಚಿನಕುರಳಿ ಚೀಟಿಯನ್ನು ಕಣ್ಣ ಹತ್ತಿರ ಹಿಡಿದುಕೊಂಡು ಮತ್ತೆ ಓದಿದಳು. ಬಂದಿದ್ದಾಳೆ ಎಂದಳು, ಇಸ್ತ್ರಿ ಕೆಲಸ ಎಂದಳು, ಕೆಮ್ಮು ಇಲ್ಲ ಎಂದಳು, ನೋಡಿಕೊಳ್ತೀನಿ ಎಂದಳು, ಊಟದ ಮಾತು ಹೇಳಿ ಮುಗಿಸಿದಳು.

"ಬೆಚ್ಚಗಿರುತ್ತೆ ಅಂತ ಇತ್ತಲ್ಲ," ಎಂದಳು ಅಜ್ಜಿ, ಮೆಲ್ಲಗೆ.

"ಹೌದು ಅಜ್ಜಿ. ಇದೆ, ಇಲ್ಲೇ ಇದೆ. ಬೆಚ್ಚಗಿರುತ್ತೆ."

"ಹ್ಞಾಂ," ಎಂದಳು ಅಜ್ಜಿ. ಪಕ್ಕದಲ್ಲಿದ್ದ ಊಟದ ಡಬ್ಬಿಯನ್ನು ಕೈಯಿಂದ ಹುಡುಕಿ ಮಡಿಲಿಗೆ ತೆಗೆದುಕೊಂಡಳು. ಮುಚ್ಚಳ ಬಿಗಿಯಾಗಿತ್ತು. ಚಿನಕುರಳಿ ಅದನ್ನು ಇಸಿದುಕೊಂಡು ತೆರೆದು ಕೊಟ್ಟಳು.